ಮಳೆಯಲ್ಲಿ ಮಡಚುವ ಟೆಂಟು: ಜೀಪಿನ ನೆತ್ತಿಯ ಮೇಲೊಂದು ಮನೆ ಮಾಡಿದ ನನ್ನ ಅನುಭವ

ಜೀಪಿಗೆ ಹುಡ್, ಅಂದರೆ ಕ್ಯಾನ್ವಾಸ್ ಟಾಪು ಹೊಲಿಯುವುದು ನಮ್ಮ ಅಂಗಡಿಯ ಮೂಲ ಕಸುಬು. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಅಪ್ಪ ಹಾಕಿದ ಮೆಷಿನ್ನಿನ ಮೇಲೆ ಮಹೀಂದ್ರ ಜೀಪುಗಳಾದ ಮೇಜರ್, ಕಮಾಂಡರ್, ಹಳೇ 540ಗಳ ಟಾಪು ಎಷ್ಟು ಹೊಲಿದಿದ್ದೇವೋ ಲೆಕ್ಕವಿಲ್ಲ. 2020ರಲ್ಲಿ ಹೊಸ ಥಾರ್ ಬಂದ ಮೇಲೆ ಗಿರಾಕಿಗಳ ಪ್ರಶ್ನೆಯೇ ಬದಲಾಯಿತು. ‘ಟಾಪು ಸೋರ್ತದೆ’ ಎನ್ನುತ್ತಿದ್ದವರು ಕಡಿಮೆಯಾಗಿ ‘ಮೇಲೊಂದು ಟೆಂಟು ಕೂರಿಸಿ ಕೊಡ್ತೀರಾ’ ಎನ್ನುವವರು ಬರತೊಡಗಿದರು. ಅವರಲ್ಲೊಬ್ಬರು ಹೊರಗಿನಿಂದ ತರಿಸಿದ್ದ ರೂಫ್‌ಟಾಪ್ ಟೆಂಟನ್ನು ರಿಪೇರಿಗೆಂದು ತಂದಿಟ್ಟರು. ಬಿಚ್ಚಿದರೆ ಒಳಗೆಲ್ಲ ಬೂಸ್ಟು, ಹಾಸಿಗೆಯ ಅಡಿಯಲ್ಲಿ ಕಪ್ಪು ಚುಕ್ಕೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಬಟ್ಟೆ ಹರಿದಿರಲಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ. ಒದ್ದೆಯಲ್ಲಿ ಮಡಚಿ ಇಟ್ಟಿದ್ದರು, ಅಷ್ಟೇ.

ಆ ಟೆಂಟು ಕೆಟ್ಟದ್ದಲ್ಲ. ಅದು ನಮ್ಮ ಊರಿನದಲ್ಲ. ವಾಹನದ ಮೇಲೆ ಮಲಗುವ ಈ ಪದ್ಧತಿ ಬೆಳೆದದ್ದು ಆಫ್ರಿಕ, ಆಸ್ಟ್ರೇಲಿಯದ ಒಣ ಬಯಲಿನಲ್ಲಿ. ಅಲ್ಲಿ ರಾತ್ರಿ ಇಬ್ಬನಿ ಬಿದ್ದರೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಿಸಿಲಿಗೆ ಬಟ್ಟೆ ಒಣಗುತ್ತದೆ. ನಮ್ಮ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ, ಜುಲೈ ಒಂದರಲ್ಲೇ 2000 ದಾಟುವುದು ಹೊಸತಲ್ಲ. ಹೊಸನಗರ, ತೀರ್ಥಹಳ್ಳಿ ಕಡೆ ಆ ಮೂರು ತಿಂಗಳು ಕರವಸ್ತ್ರ ಒಣಗಬೇಕಾದರೂ ಬಚ್ಚಲ ಒಲೆಯ ಮೇಲೆ ಹರವಬೇಕು. ಹಾಗಾಗಿ ನನ್ನ ಲೆಕ್ಕವನ್ನು ಹಿಂದಿನಿಂದ ಶುರು ಮಾಡಿದೆ. ಟೆಂಟು ಎಷ್ಟು ಬೇಗ ತೆರೆದುಕೊಳ್ಳುತ್ತದೆ ಎನ್ನುವುದು ಆಮೇಲಿನ ಮಾತು. ಸುರಿಯುವ ಮಳೆಯಲ್ಲಿ ಮಡಚಿದರೆ ಹಾಸಿಗೆ ಒಣಗಿರುತ್ತದೆಯೇ, ಮನೆಗೆ ಬಂದು ವಾರ ಬಿಸಿಲು ಬೀಳದಿದ್ದರೂ ಬಟ್ಟೆ ಬದುಕುತ್ತದೆಯೇ ಎನ್ನುವುದು ಮೊದಲ ಮಾತು.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವನು ನಿಟ್ಟೂರು ಕಡೆಯ ಒಬ್ಬ ಜೀಪು ಡ್ರೈವರು. ಕೊಡಚಾದ್ರಿಗೆ ಜನ ಹೊರುವ ಜೀಪಿನ ಹುಡ್ ಹೊಲಿಸಲು ಬಂದಿದ್ದ. ಅಂಗಡಿಯಲ್ಲಿ ನಿಲ್ಲಿಸಿದ್ದ ಮೊದಲ ಮಾದರಿಯನ್ನು ಸುತ್ತು ಹಾಕಿ ನೋಡಿದ. “ಅಣ್ಣಾ, ಬಿಚ್ಚೋದು ಎಂತ ದೊಡ್ಡ ವಿಷಯ ಅಲ್ಲ. ಬೆಳಿಗ್ಗೆ ಐದು ಗಂಟೆಗೆ ಜಡಿಮಳೇಲಿ ಮಡ್ಚಿ ತೋರ್ಸಿ, ಆಮೇಲೆ ಮಾತಾಡಣ ಮಾರಾಯ್ರೆ,” ಅಂದ.

ಆ ಮೊದಲ ಮಾದರಿ ಅಡಿಕೆ ದಬ್ಬೆ ಮತ್ತು ಹಳೇ ಪಾಲಿಥೀನ್ ಹಾಳೆಯದು. ಅಲ್ಯೂಮಿನಿಯಂ ಕೊಯ್ಯುವ ಮೊದಲು ಆಕಾರ ಕಣ್ಣಿಗೆ ಬೀಳಲಿ ಎಂದು ದಬ್ಬೆಗೆ ತಂತಿ ಬಿಗಿದು ಕಟ್ಟಿದ್ದು. ಯಾರಾದರೂ ಸ್ವಂತಕ್ಕೆ ಮಾಡಿಕೊಳ್ಳುವುದಿದ್ದರೆ ಇದನ್ನು ಬಿಡಬೇಡಿ. ಕಾಗದದ ಮೇಲೆ ಎಲ್ಲವೂ ಮಡಚಿಕೊಳ್ಳುತ್ತವೆ.

ನಾನು ಹಿಡಿದ ಆಕಾರ ಬೆಣೆಯದು. ಮುಂದೆ ಕೀಲು, ಹಿಂದೆ ಮೇಲೇಳುವ ಗಟ್ಟಿ ಮುಚ್ಚಳ. ಪೂರ್ತಿ ಬಟ್ಟೆಯದೇ ಆದ, ಪುಸ್ತಕದಂತೆ ತೆರೆಯುವ ಟೆಂಟು ಅಗ್ಗ, ಜಾಗವೂ ಹೆಚ್ಚು. ಆದರೆ ಅದರಲ್ಲಿ ನೆತ್ತಿಯೂ ಬಟ್ಟೆ, ಮಡಚಿದಾಗ ಆ ಒದ್ದೆ ನೆತ್ತಿ ಬಂದು ಹಾಸಿಗೆಯ ಮೇಲೇ ಕೂರುತ್ತದೆ. ಗಟ್ಟಿ ಮುಚ್ಚಳದಲ್ಲಿ ಮಳೆಯ ದೊಡ್ಡ ಪಾಲು ತಗಡಿನ ಮೇಲೆ ಹರಿದು ಹೋಗುತ್ತದೆ. ಅಳತೆ 210 ಸೆಂಟಿಮೀಟರ್ ಉದ್ದ, 130 ಅಗಲ. ಚೌಕಟ್ಟಿಗೆ 6063 ದರ್ಜೆಯ ಅಲ್ಯೂಮಿನಿಯಂ ಪೈಪು, ತಳಕ್ಕೆ ತೆಳು ಪ್ಲೈವುಡ್, ಮುಚ್ಚಳಕ್ಕೆ ಅಲ್ಯೂಮಿನಿಯಂ ಶೀಟು. ಮಾಚೇನಹಳ್ಳಿಯ ವೆಲ್ಡಿಂಗ್ ಶಾಪಿನಲ್ಲಿ ಮೂಲೆಗಳನ್ನು ಬೆಸೆಸಿದೆ. ಹಾಸಿಗೆ, ಏಣಿ ಸೇರಿ ಒಟ್ಟು 55 ಕಿಲೋ ಆಸುಪಾಸು.

ತೂಕದ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಇದೆ. ವಾಹನದ ಮಾಡು ಓಡುವಾಗ ಹೊರುವ ತೂಕ ಬೇರೆ, ನಿಂತಾಗ ಹೊರುವ ತೂಕ ಬೇರೆ. ಗಾಡಿಯ ಕೈಪಿಡಿಯಲ್ಲಿ ಬರೆದಿರುವುದು ಓಡುವಾಗಿನದು. ಅದರೊಳಗೆ ಕ್ಯಾರಿಯರ್ ಮತ್ತು ಟೆಂಟು ಎರಡೂ ಬರಬೇಕು. ನಿಂತಾಗ ಇಬ್ಬರು ಹತ್ತಿ ಮಲಗಿದರೆ 200 ಕಿಲೋ ಆಗುತ್ತದೆ ಎಂದು ಹೆದರುವವರು ಉಂಟು, ಆದರೆ ನಿಂತ ಗಾಡಿಗೆ ಗುಂಡಿ ಹಾರುವ ಏಟು ಇಲ್ಲವಲ್ಲ. ಬೊಲೆರೊಗೆ ಮಾಡಿನ ಅಂಚಿನಲ್ಲಿ ನೀರು ಹರಿಯುವ ದೋಣಿಗೆ ಕಚ್ಚುವ ಕ್ಯಾರಿಯರ್ ಸಾಕು. ಕ್ಯಾನ್ವಾಸ್ ಟಾಪಿನ ಹಳೇ ಥಾರ್‌ಗೆ ಮಾಡೇ ಇಲ್ಲ, ಕ್ಯಾರಿಯರ್‌ನ ಕಾಲುಗಳು ಬಾಡಿಗೇ ಬೋಲ್ಟ್ ಆಗಬೇಕು. ಏನೇ ಇರಲಿ, ಬಾಡಿ ಕೊಯ್ಯುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ಸ್ವರೂಪ ಬದಲಿಸಲು ಬಿಡುವುದಿಲ್ಲ. ಬೋಲ್ಟ್ ಬಿಚ್ಚಿದರೆ ಟೆಂಟು ಕೆಳಗಿಳಿಯಬೇಕು, ಗಾಡಿ ಮೊದಲಿನಂತಿರಬೇಕು.

ಮುಚ್ಚಳ ಎತ್ತುವುದಕ್ಕೆ ಕಾರಿನ ಡಿಕ್ಕಿಗೆ ಇರುತ್ತದಲ್ಲ, ಆ ಗ್ಯಾಸ್ ಶಾಕ್. ಅದರ ಬಲ ನ್ಯೂಟನ್‌ನಲ್ಲಿ ಬರೆದಿರುತ್ತದೆ. ಅಂದಾಜಿಗೆ ತಂದು ಹಾಕಿದರೆ ಒಂದೋ ಮುಚ್ಚಳ ಏಳುವುದಿಲ್ಲ, ಇಲ್ಲವೇ ಮುಚ್ಚಲು ಇಬ್ಬರು ಜೋತು ಬೀಳಬೇಕು. ಲೆಕ್ಕ ಕಷ್ಟವಿಲ್ಲ. ನನ್ನ ಮುಚ್ಚಳ ಬಟ್ಟೆ ಸೇರಿ 18 ಕಿಲೋ, ಅಂದರೆ ಸುಮಾರು 177 ನ್ಯೂಟನ್. ಭಾರ ಕೂತಿರುವುದು ನಡುವೆ, ಕೀಲಿನಿಂದ 1.05 ಮೀಟರ್ ದೂರ. ಎರಡನ್ನು ಗುಣಿಸಿದರೆ 185. ಶಾಕ್ ತಳ್ಳುವ ಗೆರೆ ಕೀಲಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಾದುಹೋದರೆ 185ನ್ನು 0.3ರಿಂದ ಭಾಗಿಸಿ, ಎರಡು ಶಾಕ್‌ಗೆ ಹಂಚಿ. ಒಂದಕ್ಕೆ 309 ಬಂತು. ನಾನು ಹಾಕಿದ್ದು 400ರದು. ಚಳಿಗೆ ಒಳಗಿನ ಗ್ಯಾಸಿನ ಒತ್ತಡ ಇಳಿಯುತ್ತದೆ, ಬಟ್ಟೆ ನೆನೆದರೆ ತೂಕ ಏರುತ್ತದೆ, ಎರಡಕ್ಕೂ ಅಷ್ಟು ಮಿಗತೆ ಬೇಕು. ಮುಚ್ಚಿದ ಸ್ಥಿತಿಯಲ್ಲಿ ಶಾಕ್ ಬಹುತೇಕ ಮಲಗಿರುವುದರಿಂದ ಅದಕ್ಕೆ ಎತ್ತುವ ಬಲವೇ ಇರುವುದಿಲ್ಲ. ಮೊದಲ ಗೇಣು ಕೈಯಿಂದಲೇ ಎತ್ತಬೇಕು, ಆಮೇಲೆ ಅಂಗೈಯಿಂದ ಭಾರ ಜಾರಿ ಹೋದದ್ದು ಗೊತ್ತಾಗುತ್ತದೆ. ಕಚ್ಚಾ ರಸ್ತೆಯ ಕುಲುಕಾಟದಲ್ಲಿ ಮುಚ್ಚಳ ತಾನಾಗಿ ಬಾಯಿ ತೆರೆಯದಿರುವುದಕ್ಕೂ ಇದೇ ಕಾರಣ. ಆದರೂ ಬಕಲ್ ಹಾಕದೆ ಗಾಡಿ ಓಡಿಸಬೇಡಿ. ಮುಚ್ಚಿದಾಗ ಶಾಕ್‌ನ ಕಡ್ಡಿ ಕೆಳಮುಖವಾಗಿ ಬರುವಂತೆ ಕೂರಿಸಿ, ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಬಾಳಿಕೆ ಬರುತ್ತದೆ.

ಇನ್ನು ಬಟ್ಟೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ನನ್ನ ಹೊಟ್ಟೆಪಾಡಿನ ವಿಷಯ.

ಅಂಗಡಿಗೆ ಬಂದ ಒಬ್ಬ ತೋಟದ ಯಜಮಾನರು ಕೇಳಿದ್ದರು, “ಬಟ್ಟೆಗೆ 3000 ಮಿಲಿಮೀಟರ್ ಅಂತ ಬರ್ದಿದಾರೆ, ನಮ್ಮಲ್ಲಿ ಬೀಳೋದು 7000. ಹೆಂಗೆ ಸಾಕಾಗ್ತದೆ?” ನ್ಯಾಯವಾದ ಪ್ರಶ್ನೆ, ಆದರೆ ಎರಡೂ ಬೇರೆ ಅಳತೆ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ ಎಷ್ಟು ಎತ್ತರಕ್ಕೆ ಅದು ಹನಿಯುತ್ತದೆ ಎನ್ನುವುದು ಬಟ್ಟೆಯ ಲೆಕ್ಕ. 3000 ಇದ್ದರೆ ಮಲೆನಾಡಿಗೆ ಧಾರಾಳ. ಸೋರುವುದು ಬಟ್ಟೆಯಲ್ಲಲ್ಲ, ಸೂಜಿಯ ತೂತಿನಲ್ಲಿ.

ಗೋಡೆಗೆ ನಾನು ಬಳಸುವುದು 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎನ್ನುವ ಲೆಕ್ಕ) ಆಸುಪಾಸಿನ ಪಾಲಿ-ಕಾಟನ್ ಕ್ಯಾನ್ವಾಸ್, ಹೊರ ಹೊದಿಕೆಗೆ ಕೋಟಿಂಗ್ ಇರುವ ಪಾಲಿಯೆಸ್ಟರ್. ಪೂರ್ತಿ ಪಾಲಿಯೆಸ್ಟರ್ ಮಾಡಿದರೆ ಹಗುರ, ಅಗ್ಗ, ಆದರೆ ಉಸಿರಾಡುವುದಿಲ್ಲ. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಉಸಿರು, ಬೆವರು ಸೇರಿ ಅರ್ಧ ಲೀಟರ್ ನೀರು ಒಳಗೇ ಹುಟ್ಟುತ್ತದೆ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಅದು ಹೋಗುವುದೆಲ್ಲಿಗೆ? ತಣ್ಣಗಿನ ತಗಡಿಗೆ ಅಂಟಿ ಹನಿಯುತ್ತದೆ, ಜನ ‘ಟೆಂಟು ಸೋರ್ತಿದೆ’ ಎನ್ನುತ್ತಾರೆ. ಅದಕ್ಕೆ ಮುಚ್ಚಳದ ಒಳಮೈಗೆ ಫೋಮ್ ಶೀಟಿನ ಅಸ್ತರಿ, ಹಾಸಿಗೆಯ ಅಡಿಗೆ ಬೆರಳು ದಪ್ಪದ ಜಾಲರಿ ಚಾಪೆ, ತಗ್ಗಿನಲ್ಲೊಂದು ಎತ್ತರದಲ್ಲೊಂದು ಗಾಳಿಕಿಂಡಿ. ಕಿಂಡಿಗಳು ಮಳೆಯಲ್ಲೂ ತೆರೆದಿರಬೇಕು. ಮುಚ್ಚಬೇಕಾದ ಕಿಂಡಿ ಇದ್ದೂ ಇಲ್ಲದಂತೆ.

ಹೊಲಿಗೆಗೆ ಸೀಟು ಹೊಲಿಯುವ ವಾಕಿಂಗ್ ಫೂಟ್ ಮೆಷಿನ್, ಕ್ಯಾನ್ವಾಸಿಗೆ 18ರ ಸೂಜಿ. ದಾರ ನಡುವೆ ಪಾಲಿಯೆಸ್ಟರ್, ಮೇಲೆ ಹತ್ತಿ ಸುತ್ತಿದ್ದು. ಹತ್ತಿ ನೆನೆದು ಉಬ್ಬಿ ತೂತು ತುಂಬಿಕೊಳ್ಳಬೇಕು. ಇಂಚಿಗೆ ಆರೇಳು ಹೊಲಿಗೆ ಸಾಕು, ಒತ್ತೊತ್ತಾಗಿ ಹಾಕಿದರೆ ಆ ಗೆರೆಯೇ ಹರಿಯುವ ಗೆರೆಯಾಗುತ್ತದೆ. ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು, ಮಡಿಕೆಯ ಬಾಯಿ ಯಾವಾಗಲೂ ಕೆಳಕ್ಕೆ. ಮಾಡಿನ ಹಂಚು ಒಂದರ ಮೇಲೊಂದು ಹೇಗೆ ಕೂರುತ್ತದೋ ಅದೇ ಕ್ರಮ. ಹೊಲಿದು ಮುಗಿದ ಟೆಂಟನ್ನು ಅಂಗಳದಲ್ಲಿ ತೆರೆದು ಪೈಪಿನಲ್ಲಿ ನೀರು ಬಿಟ್ಟು ತೊಯ್ಯಿಸಿ, ಪೂರ್ತಿ ಒಣಗಿಸಿ, ಮತ್ತೆ ತೊಯ್ಯಿಸುತ್ತೇನೆ. ಮೊದಲ ಸಲ ಮೂಲೆಗಳಲ್ಲಿ ಹನಿ ಕಾಣಿಸಿಕೊಂಡೇ ತೀರುತ್ತದೆ. ಆಗಲೇ ಮೇಣ ಬಳಿಯಲು ಹೋಗಬೇಡಿ, ನೂಲಿಗೆ ಉಬ್ಬಲು ಬಿಡಿ.

ಪಾಲಿಯೆಸ್ಟರಿನ ಕೋಟಿಂಗ್‌ಗೆ ಬೇರೆಯೇ ರೋಗ. ಅದರ ಒಳಮೈಗಿರುವ ಪಾಲಿಯುರೆಥೇನ್ ಪದರ ತೇವದಲ್ಲಿ ಮಡಚಿಟ್ಟರೆ ನಿಧಾನಕ್ಕೆ ಕರಗಿ ಅಂಟಂಟಾಗುತ್ತದೆ, ಹುಳಿ ವಾಸನೆ ಹೊಡೆಯುತ್ತದೆ. ಒಮ್ಮೆ ಆ ಹಂತಕ್ಕೆ ಹೋದದ್ದನ್ನು ಉಳಿಸಲಾಗದು. ಇದಕ್ಕಾಗಿಯೇ ಹೊರ ಹೊದಿಕೆಯನ್ನು ಪೂರ್ತಿ ಬೇರೆ ಮಾಡಿದೆ. ಅದರ ಅಂಚಿನೊಳಗೆ ಹಗ್ಗ ಸೇರಿಸಿ ಹೊಲಿದು, ಮುಚ್ಚಳದ ಸುತ್ತ ಕೂರಿಸಿದ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಜಾರಿಸಿದ್ದೇನೆ. ಬೆಳಿಗ್ಗೆ ಮಳೆಯಲ್ಲಿ ಮೊದಲು ಅದನ್ನು ಎಳೆದು ತೆಗೆಯುವುದು, ಕೊಡವಿ ಸುರುಳಿ ಸುತ್ತಿ ಹಿಂದಿನ ಸ್ಟೆಪ್ನಿ ಮೇಲೆ ಜಾಲರಿ ಚೀಲದಲ್ಲಿ ತೂಗುಹಾಕುವುದು, ಆಮೇಲೆ ಮುಚ್ಚಳ ಇಳಿಸುವುದು. ಒದ್ದೆ ಬಟ್ಟೆ ಹಾಸಿಗೆಯ ಹತ್ತಿರ ಸುಳಿಯುವುದೇ ಇಲ್ಲ. ಮನೆಗೆ ಬಂದ ಮೇಲೂ 55 ಕಿಲೋದ ಟೆಂಟು ತೆರೆದು ಒಣಗಿಸುವ ಬದಲು ಎರಡು ಕಿಲೋ ಬಟ್ಟೆಯನ್ನು ಜಗಲಿಯ ಗಳುವಿಗೆ ಹಾಕಿದರೆ ಆಯಿತು. ನಿಟ್ಟೂರಿನವನು ಇದನ್ನು ನೋಡಿ ಏನೂ ಹೇಳಲಿಲ್ಲ, ತನ್ನ ಜೀಪಿನ ಸೈಡ್ ಪರದೆಗೂ ಅದೇ ಚಾನೆಲ್ ಹಾಕಿಕೊಡಿ ಅಂದ.

ಇನ್ನು ಗಾಡಿಯ ಬದಿಗೆ ಕಟ್ಟುವ ಬಟ್ಟೆಯ ಚಪ್ಪರ. ಅದರ ಕಥೆ ನೀರಿನ ತೂಕದ ಕಥೆ. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲದ ಚಪ್ಪರ ಐದು ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಗಂಟೆಗೆ 60 ಮಿಲಿಮೀಟರ್ ಹೊಡೆತಕ್ಕೆ 300 ಲೀಟರ್ ನೀರು ಆ ಬಟ್ಟೆಯ ಮೇಲೆ ಬೀಳುತ್ತದೆ. ನಡುವೆ ಸಣ್ಣ ಗುಳಿ ಬಿದ್ದು 40 ಲೀಟರ್ ನಿಂತರೂ 40 ಕಿಲೋ, ತೋಳು ಬಾಗಿ ಹೋಗುತ್ತದೆ. ಕಂಪನಿ ಚಿತ್ರಗಳಲ್ಲಿ ಚಪ್ಪರ ಮಟ್ಟಸವಾಗಿ ನಿಂತಿರುವುದು ನೆರಳಿಗೆ ಚಂದ. ಇಲ್ಲಿ ಹೊರ ಅಂಚು ಒಂದು ಮೊಳವಾದರೂ ತಗ್ಗಬೇಕು, ಒಂದು ಮೂಲೆ ಇನ್ನೂ ಕೆಳಗಿರಬೇಕು. ನೀರೆಲ್ಲ ಆ ಮೂಲೆಯಿಂದ ಧಾರೆಯಾಗಿ ಇಳಿಯುತ್ತದೆ, ಕೆಳಗೆ ಕೊಡ ಇಟ್ಟರೆ ಪಾತ್ರೆ ತೊಳೆಯಲು ನೀರಾಯಿತು. ಬಟ್ಟೆಯ ಅಂಚನ್ನು ನೇರ ಕತ್ತರಿಸದೆ ನಡುವೆ ಒಂದು ಗೇಣಿನಷ್ಟು ಒಳಕ್ಕೆ ಬಾಗಿಸಿ ಕತ್ತರಿಸುತ್ತೇನೆ. ಬಿಗಿದಾಗ ಆ ಬಾಗು ನೇರವಾಗುವ ಹಟದಲ್ಲಿ ಇಡೀ ಬಟ್ಟೆಯನ್ನು ಎಳೆದು ಹಿಡಿಯುತ್ತದೆ, ಪಟಪಟ ಬಡಿಯುವುದಿಲ್ಲ.

ಗಾಳಿಗೂ ಲೆಕ್ಕವಿದೆ. ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ಹಿಡಿದು ವರ್ಗ ಮಾಡಿ 0.6ರಿಂದ ಗುಣಿಸಿದರೆ ಚದರ ಮೀಟರಿನ ಮೇಲಿನ ಒತ್ತಡ ಸಿಗುತ್ತದೆ. ಗಂಟೆಗೆ 54 ಕಿಲೋಮೀಟರ್ ಗಾಳಿ ಐದು ಚದರ ಮೀಟರನ್ನು ಸುಮಾರು 70 ಕಿಲೋ ಬಲದಲ್ಲಿ ತಳ್ಳುತ್ತದೆ. ನೆನೆದ ಮಣ್ಣಿನಲ್ಲಿ ಟೆಂಟಿನ ಜೊತೆ ಬರುವ ಮೊಳೆಯಂಥ ಗೂಟ ನಿಲ್ಲುವುದಿಲ್ಲ. ಮೊಳ ಉದ್ದದ ಆಂಗಲ್ ತುಂಡನ್ನು ಹಗ್ಗಕ್ಕೆ ಎದುರಾಗಿ ಓರೆ ಹೊಡೆಯಿರಿ, ಇಲ್ಲವೇ ಹಗ್ಗವನ್ನು ಮರಕ್ಕೇ ಕಟ್ಟಿ. ಬದಿಯಿಂದ ಬರುವ ಎರಚಲಿಗೆ ಮಳೆಗಾಲದಲ್ಲಿ ಜಗಲಿಗೆ ಸೋಗೆ ತಟ್ಟಿ ಕಟ್ಟುತ್ತೇವಲ್ಲ, ಹಾಗೆಯೇ ಗಾಳಿ ಬರುವ ಒಂದು ಬದಿಗೆ ಮಾತ್ರ ಪರದೆ. ನಾಲ್ಕೂ ಕಡೆ ಮುಚ್ಚಿದರೆ ಗಾಳಿ ಒಳಹೊಕ್ಕು ಚಪ್ಪರವನ್ನೇ ಎತ್ತುತ್ತದೆ.

ಚಪ್ಪರ ಗಾಡಿಯ ಎಡಬದಿಗೇ ಇರಲಿ, ರಸ್ತೆ ಪಕ್ಕ ನಿಂತರೂ ಜನ ಇಳಿಯುವುದು ಗಾಡಿಗಳಿಲ್ಲದ ಕಡೆಗೆ.

ನೆಲದ ಟೆಂಟು ಬಿಟ್ಟು ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಉಂಬಳ (ಜಿಗಣೆ) ಅಂದರೆ ಸಾಕು. ಆದರೆ ಉಂಬಳಕ್ಕಿಂತ ನನಗೆ ಭಯ ಉಣುಗಿನದು, ಅಂದರೆ ಉಣ್ಣೆ ಹುಳದ್ದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಯಿಲೆ ಹೆಚ್ಚುವುದು ಮಳೆ ನಿಂತು ತರಗೆಲೆ ಒಣಗುವ ತಿಂಗಳುಗಳಲ್ಲಿ, ಕ್ಯಾಂಪಿಂಗಿಗೆ ಹಿತ ಎನಿಸುವ ಹೊತ್ತಿಗೇ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳುತ್ತದೆ. ನಾನು ನುಸಿ ತಡೆಯುವ ಒತ್ತು ಜಾಲರಿಯನ್ನೇ ಹಾಕುತ್ತೇನೆ, ಗಾಳಿ ಸ್ವಲ್ಪ ಕಡಿಮೆಯಾದರೂ. ಮೇಲೆ ಮಲಗಿದ ಮಾತ್ರಕ್ಕೆ ಬಚಾವಲ್ಲ, ಕಾಲಿಗೆ ಹತ್ತಿದ್ದು ಏಣಿಯಲ್ಲೂ ಹತ್ತುತ್ತದೆ. ಚಪ್ಪರದ ಕೆಳಗೆ ದಪ್ಪ ರೆಕ್ಸಿನ್ ಹಾಸಿ, ಅಲ್ಲೇ ಬಟ್ಟೆ ಬದಲಿಸಿ, ಮೈ ನೋಡಿಕೊಂಡು ಏಣಿ ಹತ್ತಿ.

ಕೊಡಚಾದ್ರಿಯ 1343 ಮೀಟರ್ ನೆತ್ತಿಯಲ್ಲಿ ಟೆಂಟು ತೆರೆಯುವ ಆಸೆ ಹೊತ್ತು ಬರುವವರು ಬಹಳ. ಅದು ಮೂಕಾಂಬಿಕಾ ಅಭಯಾರಣ್ಯ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಅನುಮತಿ ಇದ್ದರೂ ಆ ದಾರಿಯ ಓರೆಯಲ್ಲಿ ನೆತ್ತಿಯ ಮೇಲೆ 55 ಕಿಲೋ ಹೊತ್ತು ಹತ್ತುವುದನ್ನು ನಾನು ಒಪ್ಪುವುದಿಲ್ಲ. ಒಂದು ಬದಿಯ ಚಕ್ರ ಬಂಡೆ ಹತ್ತಿದಾಗ ಮೇಲಿನ ಒಂದೊಂದು ಕಿಲೋವೂ ಗಾಡಿಯನ್ನು ಕಣಿವೆಯ ಕಡೆಗೆ ವಾಲಿಸುತ್ತದೆ. ಪರಿಚಯದವರ ತೋಟದ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸಿ, ಟೆಂಟು ಇಳಿಸಿ, ಗುಡ್ಡಕ್ಕೆ ಬಾಡಿಗೆ ಜೀಪಿನಲ್ಲಿ ಹೋಗಿ. ಇಳಿಸುವುದಕ್ಕೆ ನಾಲ್ಕು ಬೋಲ್ಟು, ಇಬ್ಬರು ಆಳು. ಬೋಲ್ಟುಗಳು ಸ್ಟೇನ್‌ಲೆಸ್ ಇರಲಿ, ಅಲ್ಯೂಮಿನಿಯಂ ತಾಗುವಲ್ಲಿ ನೈಲಾನ್ ವಾಷರ್ ಹಾಕಿ. ಇಲ್ಲದಿದ್ದರೆ ಎರಡು ಮಳೆಗಾಲ ಕಳೆದ ಮೇಲೆ ಬಿಚ್ಚಲು ಗ್ರೈಂಡರ್ ಹಿಡಿದು ನನ್ನ ಹತ್ತಿರವೇ ಬರಬೇಕಾಗುತ್ತದೆ.