ಇಟ್ಟಿಗೆ ಗೋಡೆಗೆ ಸೀಲರ್: ಎರಡು ಮಳೆಗಾಲ ನೋಡಿ ಬರೆದದ್ದು

“ನೀರಿನಂಥಾ ಔಷಧಕ್ಕ ಹತ್ತು ಸಾವಿರ ಸುರೀತೀರೇನ್ರೀ? ಗಿಲಾವ್ ಮಾಡಿಸಿ ಬಣ್ಣಾ ಹೊಡೀರಿ, ಮುಗೀತು.” ಧಾರವಾಡದ ಸಪ್ತಾಪುರದಲ್ಲಿ ಇಟ್ಟಿಗೆ ಗೋಡೆಗೆ ನೀರು ಇಳಿಯದಂತೆ ಸೀಲರ್ ಹೊಡೆಯುವ ಕೆಲಸ ಹಿಡಿದಾಗ ಗೌಂಡಿಗಳಿಂದ ಪೇಂಟ್ ಅಂಗಡಿಯವರವರೆಗೆ ಎಲ್ಲರದ್ದೂ ಇದೇ ಮಾತು. ಈಗ ಎರಡು ಮಳೆಗಾಲ ಕಳೆದಿವೆ. ಆರಿದ್ರಾ, ಪುನರ್ವಸು ಎರಡೂ ಬಿಡದೆ ಹೊಡೆದರೂ ಒಳಗೋಡೆ ಒಣಗಿಯೇ ಇದೆ.

ಗಿಲಾವು ಇಲ್ಲದ ಹಳೇ ಇಟ್ಟಿಗೆ ಮನೆ. ಪಡುವಣ ಗೋಡೆ ಸುಮಾರು ಒಂಬೈನೂರು ಚದರ ಅಡಿ. ನಮ್ಮಲ್ಲಿ ಮಳೆ ಗಾಳಿ ಎರಡೂ ಪಶ್ಚಿಮದಿಂದಲೇ ಬರುವುದು, ಗೊತ್ತಲ್ಲ. ಹಿಂದೆ ಯಾರೋ ಹೊಳಪಿನ ಕ್ಲಿಯರ್ ಕೋಟ್ ಬಳಿದಿದ್ದರು. ಮನೆಯವರಿಗೆ ಅದಕ್ಕೆ ಹದಿನೆಂಟು ಸಾವಿರದಷ್ಟು ಬಿದ್ದಿತ್ತಂತೆ. ಮೊದಲ ವರ್ಷ ಗೋಡೆ ಮಿರಮಿರ. ಆಮೇಲೆ ಇಟ್ಟಿಗೆಗಳ ನಡುವಿನ ಸಂದಿನಿಂದ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ. ಸವಳು, ಅಂದರೆ ಗೋಡೆಯ ಉಪ್ಪು, ಆ ಕೋಟಿನ ಪೊರೆಯ ಹಿಂದೆಯೇ ಕೂತು ಇಟ್ಟಿಗೆಯ ಮುಖವನ್ನೇ ಎಬ್ಬಿಸಿತು. ಉಗುರಿನಿಂದ ಕೆರೆದರೆ ಬೆಲ್ಲದ ಅಚ್ಚಿನ ಅಂಚಿನಂತೆ ಪುಡಿ ಉದುರುತ್ತಿತ್ತು.

ಅದಕ್ಕೇ ನಾನು ಪೊರೆ ಕಟ್ಟುವ ಮಾಲು ಮುಟ್ಟುವುದಿಲ್ಲ. ಸಿಲೇನ್-ಸಿಲೋಕ್ಸೇನ್ ಎಂಬ, ಪೊರೆ ಕಟ್ಟದ ಸೀಲರ್ ಮಾತ್ರ. ಇಟ್ಟಿಗೆ ಅದನ್ನು ಹೀರಿಕೊಳ್ಳುತ್ತದೆ. ನೀರು ಒಳಗೆ ಹೋಗುವುದಿಲ್ಲ, ಒಳಗಿನ ಆವಿ ಹೊರಗೆ ಬರುತ್ತದೆ.

ಆದರೆ ದುಡ್ಡು, ಬೆವರು ಎರಡೂ ಹೋದದ್ದು ಸೀಲರಿಗಲ್ಲ, ಸಂದಿಗೆ. ಹಳೇ ಕೋಟನ್ನು ಕೆಮಿಕಲ್ ಹಚ್ಚಿ ತೆಗೆದೆವು. ಸವಳನ್ನು ಒಣ ಬ್ರಷ್‌ನಿಂದಲೇ ಉಜ್ಜಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಕೆಟ್ಟ ಸಂದುಗಳನ್ನು ಮುಕ್ಕಾಲು ಇಂಚು ಕೆದಕಿಸಿ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳಿನ ಗಾರೆ ತುಂಬಿದೆ. ಬರೀ ಸಿಮೆಂಟ್ ತುಂಬಿದರೆ ಸಂದು ಗಟ್ಟಿ, ಇಟ್ಟಿಗೆ ಮೆತ್ತಗೆ, ಒಡೆಯುವುದು ಇಟ್ಟಿಗೆಯೇ. ಗಾರೆಗೆ ನಾನು ಇನ್ನೊಂದು ಪುಡಿ ಚಿಟಿಕೆಯಷ್ಟು ಹಾಕುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಹೊಟ್ಟೆಪಾಡು.

ಆಮೇಲೆ ಗೋಡೆ ಪೂರ್ತಿ ಒಣಗಲು ಸುಮ್ನೆ ಬಿಡಬೇಕು. ಹಿಂಗಾರು ಮುಗಿದು, ಚಳಿ ಕಳೆದು, ಫೆಬ್ರುವರಿ ಬಿಸಿಲು ಬೀಳುವವರೆಗೆ. ಮನೆಯವರು ದಿನಾ ಫೋನ್ ಮಾಡುತ್ತಿದ್ದರು. ನಾನು ಎತ್ತಲಿಲ್ಲ.

ಸೀಲರ್ ಹೊಡೆದದ್ದು ಹೊಲಕ್ಕೆ ಔಷಧ ಹೊಡೆಯುವ ಪಂಪಿನಿಂದಲೇ. ಥಿನ್ನರ್ ಬೇಸಿನ ಮಾಲಾದರೆ ಅದರ ರಬ್ಬರ್ ವಾಷರ್ ಉಬ್ಬಿ ಹಾಳಾಗುತ್ತದೆ. ಒಂದು ಪಂಪು ಹಾಗೇ ಹೋಯಿತು, ವಾಷರ್ ಜಾಸ್ತಿ ಇಟ್ಟುಕೊಳ್ಳಿ. ಬೀಡಿ ಸೇದುವವರನ್ನು ದೂರ ಕಳಿಸಿ. ಕಿಟಕಿ ಗಾಜಿಗೆ ಪ್ಲಾಸ್ಟಿಕ್ ಕಟ್ಟಿ. ಕೆಳಗಿನಿಂದ ಮೇಲಕ್ಕೆ, ಒಂದು ಗೇಣು ಕೆಳಗೆ ಇಳಿಯುವಷ್ಟು ತೋಯಿಸಬೇಕು. ಮೊದಲನೆಯದು ಒಣಗುವ ಮುಂಚೆಯೇ ಎರಡನೆಯದು. ಲೀಟರಿಗೆ ನಲವತ್ತು ಚದರ ಅಡಿ ಬಂತು, ಎರಡೂ ಕೋಟ್ ಸೇರಿ.

ಪರೀಕ್ಷೆಗೆ ಮುಕ್ಕಾಲಿಂಚಿನ ಪಿವಿಸಿ ಎಲ್ಬೋ ಒಂದನ್ನು ಎಂ-ಸೀಲ್ ಹಚ್ಚಿ ಇಟ್ಟಿಗೆಗೆ ಅಂಟಿಸಿ, ಮೇಲೊಂದು ಪೈಪಿನ ತುಂಡು ನಿಲ್ಲಿಸಿ ನೀರು ತುಂಬುತ್ತೇನೆ. ಸೀಲರ್ ಇಲ್ಲದ ಇಟ್ಟಿಗೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದನ್ನು ಖಾಲಿ ಮಾಡಿತ್ತು. ಸೀಲರ್ ಕಂಡ ಇಟ್ಟಿಗೆಯಲ್ಲಿ ಸಂಜೆಗೂ ನೀರು ಹಾಗೇ ಇತ್ತು. ಗೌಂಡಿಗಳ ಬಾಯಿ ಮುಚ್ಚಿದ್ದು ಇದರಿಂದಲೇ.

ಹಿತ್ತಲ ಕಂಪೌಂಡಿನಲ್ಲಿ ಹಳೇ ಕಾಲದ ಇನ್ನೊಂದು ವಿಧಾನವನ್ನೂ ನೋಡಿದೆ: ಬಿಸಿ ಸಾಬೂನು ನೀರು, ಅದು ಒಣಗಿದ ಮೇಲೆ ಪಟಕದ (ಆಲಂ) ನೀರು. ಖರ್ಚು ಹೆಚ್ಚೂಕಡಿಮೆ ಇಲ್ಲ. ನಿಜವಾಗಿ ನೀರು ಹನಿಹನಿಯಾಗಿ ಜಾರುತ್ತದೆ! ಆದರೆ ಒಂದೇ ಮಳೆಗಾಲ. ಅಗಸೆ ಎಣ್ಣೆಯನ್ನೂ ಬಳಿದೆ. ಇಟ್ಟಿಗೆ ಕಪ್ಪಾಗಿ ಧೂಳೆಲ್ಲ ಅಂಟಿತು, ಅದರ ಗೊಡವೆ ಬೇಡ.

ಒಟ್ಟು ಮೂವತ್ತೈದು ಸಾವಿರದ ಆಸುಪಾಸು. ಅದರಲ್ಲಿ ಸೀಲರ್ ಒಂಬತ್ತೋ ಹತ್ತೋ, ಉಳಿದದ್ದು ಸಂದು, ಬೊಂಬು, ಕೂಲಿ. ಗಿಲಾವು ಬಣ್ಣಕ್ಕೆ ಎಪ್ಪತ್ತೈದು ಕೇಳಿದ್ದರು.

ನೆಲದಿಂದ ಮೇಲೇರುವ ತೇವಕ್ಕೆ ಇದು ಮದ್ದಲ್ಲ. ಎರೆನೆಲದ ಮನೆಗಳಲ್ಲಿ ಪ್ಲಿಂಥ್ (ಅಡಿಪಾಯದ ಕಟ್ಟೆ) ಮೇಲಿನ ಒಂದೂವರೆ ಅಡಿಗೆ ನಾನು ಸೀಲರ್ ಹೊಡೆಯುವುದೇ ಇಲ್ಲ, ತೇವ ಅಲ್ಲಿಂದ ಹೊರಗೆ ಹೋಗಲಿ ಅಂತ. ಈಗ ಸಂದು ಸೇರಿ ಚದರ ಅಡಿಗೆ ನಲವತ್ತೈದು ರೂಪಾಯಿ ಹೇಳುತ್ತಿದ್ದೇನೆ. ಜೂನಿನಲ್ಲಿ ಗೋಡೆ ಸೋರುತ್ತದೆ ಬನ್ನಿ ಎಂದವರಿಗೆ ಫೆಬ್ರುವರಿ ತಾರೀಖನ್ನೇ ಕೊಡುವುದು.