ಮಿಡಿ ಉಪ್ಪಿನಕಾಯಿ ಆನ್‌ಲೈನ್ ಮಾರಾಟಕ್ಕೆ ಹೊರಟಾಗ

ಸಾಗರದ ಹತ್ತಿರದ ನಮ್ಮೂರಿನಲ್ಲಿ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಆನ್‌ಲೈನ್ ಮಾರಾಟ ಶುರು ಮಾಡಿದ ಮೊದಲ ವರ್ಷ ಆರ್ಡರಿಗೇನೂ ಬರವಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಪಾಸ್‌ಬುಕ್ ಇಟ್ಟುಕೊಂಡು ಲೆಕ್ಕಕ್ಕೆ ಕೂತರೆ, ಊರಿನ ಅಂಗಡಿಗೆ ಕೊಟ್ಟಾಗ ಬಾಟಲಿಗೆ ಉಳಿಯುತ್ತಿದ್ದಷ್ಟೂ ಉಳಿದಿರಲಿಲ್ಲ. ಉಪ್ಪಿನಕಾಯಿಯ ರುಚಿಗೆ ಯಾರೂ ಹೆಸರಿಟ್ಟಿರಲಿಲ್ಲ. ದುಡ್ಡು ಸೋರಿದ್ದು ಡಬ್ಬಿಯಲ್ಲಿ, ಕೊರಿಯರಿನಲ್ಲಿ, ಒಡೆದು ವಾಪಸ್ ಬಂದ ಬಾಟಲಿಗಳಲ್ಲಿ. ಅಂದಿನಿಂದ ಅವರು ಏನೇ ಮಾಡಲಿ, ‘ಕಡೆಗೆ ಕೈಗೆ ಬರುವುದೆಷ್ಟು?’ ಎಂದು ಕೇಳಿಕೊಂಡೇ ಮುಂದುವರಿಯುತ್ತಾರೆ. ಉಪ್ಪಿನಕಾಯಿ, ಹಪ್ಪಳ, ತೊಡದೇವು, ಏನನ್ನಾದರೂ ಮನೆಯಲ್ಲೇ ತಯಾರಿಸಿ ಆನ್‌ಲೈನಿನಲ್ಲಿ ಮಾರಬೇಕೆಂದಿರುವವರು ಇದೇ ಪ್ರಶ್ನೆ ಹಿಡಿದು ಹೊರಡಲಿ.

ಮೊದಲು ಕಾಗದಪತ್ರ

ಆಹಾರ ಪದಾರ್ಥವಾದ್ದರಿಂದ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಫಾಸ್ಕಾಸ್ ಎಂಬ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ. ಅದು ಲೇಬಲ್ ಮೇಲಿರಬೇಕು. ಎರಡನೆಯದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡುವ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಇದು ಆಧಾರ್ ಮೂಲಕ ಆಗುವ, ಪೂರ್ತಿ ಉಚಿತವಾದ ನೋಂದಣಿ. ಶುಲ್ಕ ಕೇಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲಿಗೇ ಕಾಣಿಸುತ್ತವೆ. ಅವನ್ನು ಬಿಟ್ಟು ಸರ್ಕಾರದ ತಾಣಕ್ಕೇ ಹೋಗಿ.

ಹೆಚ್ಚಿನವರು ಎಡವುವುದು ಜಿಎಸ್‌ಟಿಯಲ್ಲಿ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಮೊದಲು ಈ ವಿನಾಯಿತಿ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವವರಿಗೆ ಸಿಗುತ್ತಿರಲಿಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಮಾರಾಟಕ್ಕೆ ಅವರಿಗೂ ಸಿಕ್ಕಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಆದರೆ ಗಡಿ ದಾಟಿದರೆ ಕಥೆ ಬೇರೆ. ಮುಂಬೈಯ ಗಿರಾಕಿಗೆ ಒಂದೇ ಒಂದು ಬಾಟಲಿ ಕಳಿಸುವುದಾದರೂ ಜಿಎಸ್‌ಟಿ ನೋಂದಣಿ ಬೇಕು. ಹಾಗಾಗಿ ಮೊದಲ ವರ್ಷ ಕರ್ನಾಟಕದೊಳಗೇ ಮಾರಿ ಎನ್ನುವುದು ನನ್ನ ಸಲಹೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರಿದರೆ ಮನೆಯೊಂದರ ಉಪ್ಪಿನಕಾಯಿಗೆ ಬೇಕಾದಷ್ಟು ಗಿರಾಕಿಗಳು ಸಿಗುತ್ತಾರೆ.

ಮಾರುವ ಮುಂಚೆ ಕೊಳ್ಳುವುದು

ಇಂಟರ್ನೆಟ್ ಮಾರಲಿಕ್ಕೆ ಎಷ್ಟು ಸಹಾಯಕವೋ ಕೊಳ್ಳಲಿಕ್ಕೂ ಅಷ್ಟೇ. ಬಾಟಲಿ, ಮುಚ್ಚಳ, ರಟ್ಟಿನ ಡಬ್ಬಿ, ಲೇಬಲ್ ಎಲ್ಲವೂ ಇಂಡಿಯಾಮಾರ್ಟ್‌ನಂಥ ಸಗಟು ತಾಣಗಳಲ್ಲಿ ಸಿಗುತ್ತವೆ. ಗಾಜಿಗೆ ಉತ್ತರ ಪ್ರದೇಶದ ಫಿರೋಜಾಬಾದ್ ಹೆಸರುವಾಸಿ. ಅಲ್ಲಿನವರೆಂದು ಹೇಳಿಕೊಳ್ಳುವ ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ ಕೇಳಿ ಪಡೆಯಿರಿ. 15 ಅಕ್ಷರ-ಅಂಕಿಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಗುರುತು: ಉತ್ತರ ಪ್ರದೇಶಕ್ಕೆ 09, ಕರ್ನಾಟಕಕ್ಕೆ 29. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ ಆ ಸಂಖ್ಯೆ ಹಾಕಿ ನೋಡಿದರೆ ಸಂಸ್ಥೆಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ತಿಳಿಯುತ್ತದೆ. ಮುಂಗಡವನ್ನು ಆ ಸಂಸ್ಥೆಯ ಹೆಸರಿನ ಖಾತೆಗೇ ಹಾಕಿ. ‘ನನ್ನ ಸ್ವಂತ ನಂಬರಿಗೆ ಕಳಿಸಿ’ ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ಸಾವಿರ ಬಾಟಲಿ ತರಿಸುವ ಮುಂಚೆ ಹತ್ತು ತರಿಸಿ. ಅತ್ತಿಗೆ ಸ್ಯಾಂಪಲ್ ಬಾಟಲಿಗೆ ಮಿಡಿಯ ಉಪ್ಪುನೀರು ತುಂಬಿ, ಮುಚ್ಚಳ ಬಿಗಿದು, ಹಳೇ ಪೇಪರಿನ ಮೇಲೆ ಮೂರು ದಿನ ತಲೆಕೆಳಗಾಗಿ ಇಡುತ್ತಾರೆ. ಪೇಪರಿನ ಮೇಲೆ ಒದ್ದೆಯ ವರ್ತುಲ ಮೂಡಿದರೆ, ಇಲ್ಲವೇ ಮುಚ್ಚಳದ ಒಳಗೆ ತುಕ್ಕಿನ ಚುಕ್ಕೆ ಕಂಡರೆ ಆ ವ್ಯಾಪಾರಿಯ ಸಹವಾಸ ಅಲ್ಲಿಗೆ ಮುಗಿಯಿತು. ಉಪ್ಪು, ಹುಳಿ ಎರಡೂ ತಗಡಿಗೆ ಶತ್ರುಗಳು.

ಬೆಲೆ ಕಟ್ಟುವುದು

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ, ಜಿಎಸ್‌ಟಿ ಬಿಟ್ಟು. 400 ಗ್ರಾಂ ಬಾಟಲಿಯ ಬೆಲೆ 320 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಯವರ ಕೂಲಿಯೂ ಸೇರಿ ಉಪ್ಪಿನಕಾಯಿಗೆ 120, ಬಾಟಲಿ ಮತ್ತು ಲೇಬಲ್‌ಗೆ 30, ಡಬ್ಬಿ-ಕಾಗದಕ್ಕೆ 20, ಕೊರಿಯರಿಗೆ 65, ಮಾರುಕಟ್ಟೆ ತಾಣದ ಕಮಿಷನ್ ಮತ್ತಿತರ ಶುಲ್ಕ 50. ಒಟ್ಟು 285, ಉಳಿದದ್ದು 35. ಇನ್ನು 20 ಬಾಟಲಿ ಕಳಿಸಿದಾಗ ಒಂದು ಒಡೆಯಿತೆನ್ನಿ. 19 ಬಾಟಲಿಯ ಉಳಿತಾಯ 665. ಒಡೆದ ಒಂದಕ್ಕೆ, ಕಮಿಷನ್ ಕೊಡಬೇಕಿಲ್ಲದಿದ್ದರೂ, 235 ಕೈಬಿಟ್ಟು ಹೋಯಿತು. ಮಿಕ್ಕಿದ್ದು 430. ಅಂದರೆ ಬಾಟಲಿಗೆ 35 ಇದ್ದದ್ದು 21 ರೂಪಾಯಿ 50 ಪೈಸೆಗೆ ಇಳಿಯಿತು. ಒಂದೇ ಒಂದು ಬಾಟಲಿ ಒಡೆದದ್ದಕ್ಕೆ!

ಇದಕ್ಕೆ ಅತ್ತಿಗೆ ಕಂಡುಕೊಂಡ ಉಪಾಯ ಜೋಡಿ ಮಾರಾಟ. ಒಂದು ಮಿಡಿ, ಒಂದು ನಿಂಬೆ, ಒಟ್ಟಿಗೆ ಒಂದೇ ಡಬ್ಬಿಯಲ್ಲಿ. ಎರಡನೇ ಬಾಟಲಿಗೆ ಕೊರಿಯರ್ ಖರ್ಚು ಅಷ್ಟೇನೂ ಏರುವುದಿಲ್ಲ.

ಡಬ್ಬಿ ಕಟ್ಟುವ ಕೆಲಸ

ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ, ಡಬ್ಬಿ ಹಿಡಿಯುವ ಜಾಗವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಕಿಲೋ ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಅತ್ತಿಗೆ ಮೊದಲ ವರ್ಷ ಬಳಸಿದ್ದು 30, 25, 20 ಅಳತೆಯ ಡಬ್ಬಿ. ಗುಣಿಸಿದರೆ 15,000, ಭಾಗಿಸಿದರೆ 3 ಕಿಲೋ. ಒಳಗಿದ್ದ ಬಾಟಲಿಯ ತೂಕ ಮುಕ್ಕಾಲು ಕಿಲೋ! ಈಗ 15, 15, 18ರ ಡಬ್ಬಿ. ಲೆಕ್ಕ 0.81 ಕಿಲೋಗೆ ನಿಲ್ಲುತ್ತದೆ. ಜೋಡಿ ಬಾಟಲಿಯ ಡಬ್ಬಿಯನ್ನೂ ಹೀಗೇ ಅಳೆದು ತರಿಸಿದ್ದಾರೆ.

ಕಟ್ಟುವ ಕ್ರಮ ಹೀಗೆ. ಬಾಟಲಿಯ ಬಾಯಿಂದ ಒಂದು ಬೆರಳು ಕೆಳಗೆ ಉಪ್ಪಿನಕಾಯಿ ನಿಲ್ಲಲಿ. ಬಾಯಿಯ ಅಂಚನ್ನು ಒಣಬಟ್ಟೆಯಿಂದ ಒರೆಸಿ. ಅಂಚಿನಲ್ಲಿ ಎಣ್ಣೆ ಇದ್ದರೆ ಮುಚ್ಚಳ ಎಷ್ಟು ಬಿಗಿದರೂ ಜಾರುತ್ತದೆ. ಮುಚ್ಚಳದ ಸುತ್ತ ಟೇಪ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಆಮೇಲೆ ಗುಳ್ಳೆ ಪ್ಲಾಸ್ಟಿಕ್ ಎರಡು ಸುತ್ತು. ಡಬ್ಬಿಯ ಮೂಲೆಗಳಿಗೆಲ್ಲ ಮುದುಡಿದ ಪೇಪರ್ ತುಂಬಿ. ಮುಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಬಿಚ್ಚಿ ಇನ್ನಷ್ಟು ತುಂಬಿ. ಹೊಸ ಡಬ್ಬಿ ಬಳಸುವ ಮುಂಚೆ ನೀರು ತುಂಬಿದ ಬಾಟಲಿಯನ್ನು ಹೀಗೇ ಕಟ್ಟಿ, ಸೊಂಟದೆತ್ತರದಿಂದ ಸಿಮೆಂಟಿನ ಅಂಗಳಕ್ಕೆ ಮೂರು ಸಲ ಬೀಳಿಸಿ ನೋಡಿ.

ಎಲ್ಲಿ ಮಾರುವುದು

ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಿಂದ ಶುರು ಮಾಡಿ. ಗೊತ್ತಿದ್ದವರಿಗೆ ಮಾರುವಾಗ ಕಮಿಷನ್ ಇಲ್ಲ, ತಪ್ಪಾದರೆ ಫೋನಿನಲ್ಲೇ ತಿದ್ದಿಕೊಳ್ಳಬಹುದು. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ತಾಣಗಳು ಗೊತ್ತಿಲ್ಲದವರನ್ನು ತಂದುಕೊಡುತ್ತವೆ, ಅದಕ್ಕೆ ಕಮಿಷನ್ ತೆಗೆದುಕೊಳ್ಳುತ್ತವೆ. ಒಎನ್‌ಡಿಸಿ ಎನ್ನುವುದು ಒಂದು ಆ್ಯಪ್ ಅಲ್ಲ, ಹಲವು ಆ್ಯಪ್‌ಗಳನ್ನು ಜೋಡಿಸುವ ಜಾಲ. ಮಾರುವವರ ಆ್ಯಪ್ ಒಂದರ ಮೂಲಕ ಅದರೊಳಗೆ ಸೇರಬೇಕು. ಸರ್ಕಾರಿ ಇಲಾಖೆಗಳಿಗೆ ಮಾರುವವರಿಗೆ 2016ರಿಂದ ಜೆಮ್ ಪೋರ್ಟಲ್ ಇದೆ.

ಎಲ್ಲೇ ಮಾರಿ, ವಿವರಣೆಯನ್ನು ಬಿಡಿಸಿ ಬರೆಯಿರಿ. ‘ಮಾವಿನ ಉಪ್ಪಿನಕಾಯಿ’ ಎಂದಷ್ಟೇ ಬರೆದರೆ ನೂರರಲ್ಲಿ ಒಂದಾಗುತ್ತದೆ. ಜೀರಿಗೆಯ ಪರಿಮಳದ ಮಿಡಿಯೋ, ತೊಟ್ಟು ಸಮೇತ ಇಡಿಯಾಗಿದೆಯೋ, ಎಣ್ಣೆ ಹಾಕಿದೆಯೋ ಇಲ್ಲವೋ ಹೇಳಿ. ಫೋಟೊವನ್ನು ಬೆಳಗಿನ ಹೊತ್ತು ಕಿಟಕಿಯ ಬಳಿ ತೆಗೆಯಿರಿ. ಚಮಚದ ಮೇಲೆ ಒಂದು ಮಿಡಿ ಕಾಣಲಿ, ಗಾತ್ರ ಗೊತ್ತಾಗುತ್ತದೆ.

ದುಡ್ಡು ಮತ್ತು ದೂರು

ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ದೊಡ್ಡ ಆರ್ಡರ್ ಕೊಡುತ್ತೇನೆಂದು ಹೇಳಿ ‘ಈ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ’ ಎಂದವರು ಮೋಸಗಾರರೇ. ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬೇಡಿ, ಖಾತೆ ನೋಡಿ ಕಳಿಸಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೆಂಗಳೂರಿನ ಅಂಗಡಿಗಳು ಸಗಟಿನಲ್ಲಿ ಸಾಲಕ್ಕೆ ಕೇಳುತ್ತವೆ. ಉದ್ಯಮ್ ನೋಂದಣಿ ಕೆಲಸಕ್ಕೆ ಬರುವುದು ಇಲ್ಲಿ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಕೊಂಡವರು ಹಣ ಕೊಡಬೇಕು. ತಪ್ಪಿದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆರ್ಡರನ್ನು ಬರಹದಲ್ಲೇ ಪಡೆಯಿರಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ.

ಕೆಟ್ಟ ಮಾಲು ಹೋಗಿದ್ದರೆ, ಇಲ್ಲವೇ ವಿವರಣೆಯಂತೆ ಇಲ್ಲದಿದ್ದರೆ ವಾಪಸ್ ಪಡೆಯಲೇಬೇಕು. 2020ರ ಇ-ವಾಣಿಜ್ಯ ನಿಯಮ ಹಾಗೆ ಹೇಳುತ್ತದೆ. ಅತ್ತಿಗೆ ಪ್ರತಿ ಭರಣಿಗೂ ಒಂದು ಬ್ಯಾಚ್ ಸಂಖ್ಯೆ ಕೊಟ್ಟು, ಯಾವ ಬ್ಯಾಚಿನ ಬಾಟಲಿ ಯಾರಿಗೆ ಹೋಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಹೋದ ವರ್ಷ ಮೈಸೂರಿನವರೊಬ್ಬರು ಬೂಷ್ಟು ಬಂದಿದೆಯೆಂದು ಫೋಟೊ ಕಳಿಸಿದರು. ಅತ್ತಿಗೆ ಪುಟ ತೆಗೆದು ನೋಡಿದರು, ಆ ಭರಣಿಯಿಂದ ಇನ್ನೂ ಹನ್ನೊಂದು ಬಾಟಲಿ ಹೋಗಿದ್ದವು. ದೂರು ಬರುವವರೆಗೆ ಕಾಯದೆ ಆ ಹನ್ನೊಂದು ಮನೆಗಳಿಗೂ ಅವರೇ ಫೋನ್ ಮಾಡಿದರು.