ಕಿತ್ತಳೆಯೊಳಗಿನ ಹುಳ ಸತ್ತದ್ದು ಮೂರನೇ ವರ್ಷ

ಹುಳ ಸಾಯಲೆಂದು ಹಣ್ಣಿಟ್ಟಿದ್ದ ಕೋಲ್ಡ್ ರೂಮಿನ ಬಾಗಿಲನ್ನು ಹದಿನೇಳನೇ ದಿನ ತೆಗೆದು ಸುಮಾರು 60 ಕಿತ್ತಳೆ ಬಿಡಿಸಿ ನೋಡಿದೆ. ನಾಲ್ಕರಲ್ಲಿ ತೊಳೆಗಳ ನಡುವೆ ಹಣ್ಣುನೊಣದ ಹುಳ ಇತ್ತು, ಕಂದಾಗಿ ಮೆತ್ತಗಾಗಿತ್ತು. ಅಂಗೈ ಮೇಲಿಟ್ಟು ಅರ್ಧ ಗಂಟೆ ಬಿಸಿಲಿಗೆ ಹಿಡಿದೆ. ಒಂದೂ ಅಲುಗಲಿಲ್ಲ.

"ಚಳಿಗೆ ಹುಳ ಸಾಯುತ್ತಾ? ಸುಮ್ನೆ ದುಡ್ಡು ಹಾಳು ಮಾಡ್ಬೇಡಿ" ಅಂದಿದ್ದರು ಪಕ್ಕದ ತೋಟದ ಅಣ್ಣ. ನೊಣವನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆ ನಾನೂ ಕಟ್ಟುತ್ತೇನೆ. ಆದರೆ ಅದಕ್ಕೆ ಬೀಳೋದು ಗಂಡು ನೊಣ ಮಾತ್ರ. ಹೆಣ್ಣು ಸಿಪ್ಪೆಯೊಳಗೆ ಮೊಟ್ಟೆ ಇಟ್ಟಾದ ಮೇಲೆ ಬಲೆ ಏನು ಮಾಡುತ್ತೆ?

ಸಿದ್ದಾಪುರದ ಹತ್ತಿರ ನಮ್ಮ ಕಾಫಿ ಕಣದ ಪಕ್ಕ ಪಫ್ ಪ್ಯಾನಲ್ (ಚಳಿ ಒಳಗೇ ಹಿಡಿದಿಡುವ ಫೋಮ್ ಹಲಗೆ) ರೂಮು, ಹಳೇ ಕಂಪ್ರೆಸರ್, ಎಲ್ಲ ಸೇರಿ ಮೂರೂವರೆ ಲಕ್ಷದ ಹತ್ತಿರ ಆಯಿತು. ಮೊದಲ ವರ್ಷ ಗೋಡೆಯ ಮೀಟರ್ 1 ಡಿಗ್ರಿ ತೋರಿಸಿತು, ಅದನ್ನೇ ನಂಬಿದೆ. ಬೆಂಗಳೂರಿಗೆ ಹೋದ 40 ಕ್ರೇಟಿನಲ್ಲಿ ಹುಳ ಹರಿದಾಡಿತು. ಮೂವತ್ತು ಸಾವಿರ ಹೋಯಿತು. ಆಮೇಲೆ ನಡುವಿನ ಕ್ರೇಟಿನ ಹಣ್ಣಿಗೆ ಪ್ರೋಬ್ (ಸೂಜಿಯಂಥ ಥರ್ಮಾಮೀಟರ್) ಚುಚ್ಚಿದರೆ 5 ಡಿಗ್ರಿ! ಗಾಳಿ ತಣ್ಣಗಿದ್ದರೆ ಸಾಲದು, ತಿರುಳು ತಣ್ಣಗಾಗಬೇಕು. ಪ್ರೋಬ್ ಕೂಡ ಪುಡಿ ಐಸಿನ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತಾ ಅಂತ ನೋಡಬೇಕು, ನನ್ನದು 0.6 ತಪ್ಪು ತೋರಿಸುತ್ತಿತ್ತು.

ಎರಡನೇ ವರ್ಷ ಕ್ರೇಟುಗಳ ನಡುವೆ ಗಾಳಿಗೆ ಜಾಗ ಬಿಟ್ಟೆ. ಹನ್ನೊಂದನೇ ದಿನ ಲೈನಿನ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದು ಕರೆಂಟ್ ಹೋಯಿತು. ಜನರೇಟರ್ ತರಿಸುವಷ್ಟರಲ್ಲಿ ತಿರುಳು 4 ದಾಟಿತ್ತು. ಮತ್ತೆ ಒಂದನೇ ದಿನದಿಂದ ಎಣಿಕೆ. ಡೀಸೆಲ್ಲಿಗೇ 9,000. ಅಷ್ಟು ದಿನದ ಚಳಿಗೆ ಸಿಪ್ಪೆಯಲ್ಲಿ ಗುಳಿ ಬಿದ್ದು ಕಂದು ಚುಕ್ಕೆ ಬಂತು, ಅರ್ಧ ರೇಟಿಗೆ ಮಾರಿದೆ.

ಮೆಡಿಟರೇನಿಯನ್ ಹಣ್ಣುನೊಣಕ್ಕೆ ಅಮೆರಿಕದವರ ಲೆಕ್ಕ ಇದೆ: ತಿರುಳು 1.1 ಡಿಗ್ರಿಯಲ್ಲಿದ್ದರೆ 14 ದಿನ, 1.67ಕ್ಕೆ 16, 2.2ಕ್ಕೆ 18. ನಮ್ಮ ತೋಟದ್ದು ಬೇರೆ ನೊಣ, ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಹಾಗಾಗಿ ಈ ಸಲ 1.5 ದಾಟದಂತೆ, 16ಕ್ಕೆ ಒಂದು ದಿನ ಹೆಚ್ಚಿಗೆ ಸೇರಿಸಿ 17 ದಿನ ಇಟ್ಟೆ. ಸಿಪ್ಪೆ ಉಳಿಸಲು ಮೊದಲು ಎರಡು ಮೂರು ದಿನ ಸ್ವಲ್ಪ ಕಡಿಮೆ ಚಳಿಯಲ್ಲಿಟ್ಟು ಆಮೇಲೆ ಇಳಿಸುತ್ತೇನೆ. ಎಷ್ಟು ಡಿಗ್ರಿ, ಮೇಲೆ ಏನು ಹೊದಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. 85 ಕ್ರೇಟಿನಲ್ಲಿ ಎರಡು ಮಾತ್ರ ಕೆಟ್ಟವು. ನನ್ನಷ್ಟು ತಾಳ್ಮೆಯಿಂದ ಇದನ್ನು ಇಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಜೊತೆಗೆ ಒಂದು ಬುಟ್ಟಿ ಬೆಣ್ಣೆಹಣ್ಣೂ ಇಟ್ಟು ನೋಡಿದೆ. ಒಳಗೆಲ್ಲ ಕಪ್ಪು. ಅದಕ್ಕೆ ಈ ಚಳಿ ಆಗಲ್ಲ. ಸೀಬೆ ಪರವಾಗಿಲ್ಲ ಅನ್ನಿಸಿತು, ಆದರೆ ಇಟ್ಟಿದ್ದೇ ಹತ್ತು ಹಣ್ಣು.

ಇನ್ನು ಮಳೆಗಾಲದ ಕಿತ್ತಳೆ ಹಾಕಿ ನೋಡಬೇಕು. ಆಗ ನೊಣ ಜಾಸ್ತಿ, ಕರೆಂಟ್ ಕಡಿಮೆ. ಎರಡನೇ ಕಂಪ್ರೆಸರಿಗೆ ದುಡ್ಡು ಹೊಂದಿಸುತ್ತಿದ್ದೇನೆ.